ದುಭಾಷಿಯನ್ನು ಒದಗಿಸುವ ಹೊಣೆ ಯಾರದು?

ಆಸ್ಪತ್ರೆ, ಪೊಲೀಸ್ ಠಾಣೆ, ನ್ಯಾಯಾಲಯಗಳಲ್ಲಿ ಅಲ್ಲಿನ ಭಾಷೆ ಬಾರದವರು ಬಂದು ನಿಂತಾಗ ಅವರ ಮಾತನ್ನು ದಾಟಿಸುವವರು ಯಾರು ಎಂಬ ಪ್ರಶ್ನೆಗೆ ಬಹುಕಾಲ ಇದ್ದದ್ದು ಒಂದೇ ಉತ್ತರ: ಜೊತೆಗೆ ಬಂದವರು. ಮಗಳೋ, ನೆರೆಯವರೋ, ವಾರ್ಡಿನಲ್ಲಿ ನೆಲ ಒರೆಸುತ್ತಿದ್ದ ನೌಕರನೋ, ಎರಡೂ ಭಾಷೆ ಅಷ್ಟಿಷ್ಟು ಬಲ್ಲವರೇ ಆ ಹೊತ್ತಿನ ದುಭಾಷಿ. ಈ ಕೆಲಸಕ್ಕೆ ತರಬೇತಿ, ಪರೀಕ್ಷೆ, ಸಂಭಾವನೆ ಎಲ್ಲವೂ ಬೇಕು ಎಂಬ ತಿಳಿವಳಿಕೆ ಮೂಡಿದ್ದು ತೀರ ಈಚೆಗೆ.

ಗಣ್ಯರ ಸಭೆಗಳಿಗೆ ಆ ಸೌಕರ್ಯ ಮೊದಲೇ ದೊರೆತಿತ್ತು. 1945ರ ನವೆಂಬರ್‌ನಲ್ಲಿ ಆರಂಭವಾದ, ನಾಜಿ ನಾಯಕರ ಮೇಲಿನ ನ್ಯೂರೆಂಬರ್ಗ್ ವಿಚಾರಣೆ ಇಂಗ್ಲಿಷ್, ಫ್ರೆಂಚ್, ರಷ್ಯನ್, ಜರ್ಮನ್ ಎಂಬ 4 ಭಾಷೆಗಳಲ್ಲಿ ಏಕಕಾಲಕ್ಕೆ ಹೆಡ್‌ಫೋನ್‌ಗಳ ಮೂಲಕ ನಡೆಯಿತು. 1953ರಲ್ಲಿ ಸಮ್ಮೇಳನ ದುಭಾಷಿಗಳು ತಮ್ಮದೇ ಅಂತರರಾಷ್ಟ್ರೀಯ ಸಂಘ ಕಟ್ಟಿಕೊಂಡರು. ಸಾಮಾನ್ಯರ ಪಾಲಿಗೆ ಬದಲಾವಣೆ ತಂದದ್ದು ಬಹುಮಟ್ಟಿಗೆ ನ್ಯಾಯಾಲಯಗಳೂ ವಲಸಿಗರೂ.

ಅಮೆರಿಕದ ನೆಗ್ರಾನ್ ಪ್ರಕರಣವನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡಬೇಕು. ಕೊಲೆ ಆರೋಪ ಹೊತ್ತಿದ್ದ ನೆಗ್ರಾನ್‌ಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಆತನ ವಕೀಲರಿಗೆ ಸ್ಪ್ಯಾನಿಷ್ ಬರುತ್ತಿರಲಿಲ್ಲ. ಆರೋಪ ಹೊರಿಸಿದ ಸರ್ಕಾರಿ ಪಕ್ಷದ ದುಭಾಷಿ ಸ್ಪ್ಯಾನಿಷ್ ಹೇಳಿಕೆಗಳನ್ನು ನ್ಯಾಯಾಲಯಕ್ಕೆ ಇಂಗ್ಲಿಷಿನಲ್ಲಿ ತಿಳಿಸುತ್ತಿದ್ದರು. ಇಂಗ್ಲಿಷ್ ಸಾಕ್ಷ್ಯದಲ್ಲಿ ಏನಿತ್ತೆಂಬುದು ಆರೋಪಿಗೆ ತಿಳಿದದ್ದು ವಿರಾಮದ ವೇಳೆ ಕೆಲವು ನಿಮಿಷಗಳ ಸಾರಾಂಶದಲ್ಲಿ ಮಾತ್ರ. ತನ್ನದೇ ವಿಚಾರಣೆಯಲ್ಲಿ ಕಿವುಡನಂತೆ ಕುಳಿತವನಿಗೆ ಆದದ್ದು ನ್ಯಾಯವಲ್ಲವೆಂದು 1970ರಲ್ಲಿ ಮೇಲ್ಮನವಿ ನ್ಯಾಯಾಲಯ ತೀರ್ಪಿತ್ತಿತು. ದುಭಾಷಿ ಬೇಕೆಂದು ಆರೋಪಿ ಕೇಳಲಿಲ್ಲ ಎಂಬ ನೆಪವನ್ನೂ ಅದು ಒಪ್ಪಲಿಲ್ಲ. ಸರ್ಕಾರದ ಖರ್ಚಿನಲ್ಲಿ ದುಭಾಷಿ ಪಡೆಯುವ ಹಕ್ಕಿದೆಯೆಂದು ತಿಳಿಸಬೇಕಾದವರು ನ್ಯಾಯಾಧೀಶರೇ ಎಂದಿತು. ಹೊಣೆಯನ್ನು ಮಾತು ಬಾರದವನ ಹೆಗಲಿನಿಂದ ಇಳಿಸಿ ಸಂಸ್ಥೆಯ ಮೇಲೆ ಇರಿಸಿದ್ದೇ ಈ ತೀರ್ಪಿನ ದೊಡ್ಡತನವೆಂದು ನಾನು ತಿಳಿದಿದ್ದೇನೆ. 1978ರಲ್ಲಿ ಅಮೆರಿಕದ ಫೆಡರಲ್ ನ್ಯಾಯಾಲಯಗಳಿಗಾಗಿ ದುಭಾಷಿಗಳ ಕಾಯ್ದೆಯೇ ಬಂತು.

ಯುದ್ಧಾನಂತರ ಅಪಾರ ವಲಸೆ ಕಂಡ ಆಸ್ಟ್ರೇಲಿಯಾ ಕೋರ್ಟಿನ ಒತ್ತಾಯಕ್ಕೆ ಕಾಯಲಿಲ್ಲ. 1973ರಲ್ಲೇ ದೂರವಾಣಿ ದುಭಾಷಿ ಸೇವೆ ಆರಂಭಿಸಿ, 1977ರಲ್ಲಿ ಅರ್ಹತೆ ಅಳೆಯುವ ರಾಷ್ಟ್ರೀಯ ಪ್ರಾಧಿಕಾರವನ್ನೂ ಸ್ಥಾಪಿಸಿತು.

ಇಷ್ಟಾದರೂ ಆಸ್ಪತ್ರೆಗಳಲ್ಲಿ ಮಕ್ಕಳನ್ನು ನಡುವೆ ನಿಲ್ಲಿಸುವ ರೂಢಿ ಅಳಿಯಲಿಲ್ಲ. ಹತ್ತು ವರ್ಷದ ಮಗನ ಮುಂದೆ ತಾಯಿ ತನ್ನ ರಕ್ತಸ್ರಾವದ ಸಂಗತಿ ಬಾಯಿಬಿಡುವುದಿಲ್ಲ. ಗಂಡನೇ ದುಭಾಷಿಯಾದರೆ ಹೊಡೆತದ ಗುರುತು ಜಾರಿ ಬಿದ್ದು ಆದ ಗಾಯವಾಗಿಬಿಡುತ್ತದೆ. ತರಬೇತಾದ ದುಭಾಷಿ ಹೇಳಿದ್ದನ್ನು ಕೂಡಿಸದೆ, ಕಳೆಯದೆ, ‘ನನಗೆ ಎದೆ ನೋಯುತ್ತಿದೆ’ ಎಂದು ರೋಗಿಯ ಮಾತಾಗಿಯೇ ದಾಟಿಸುತ್ತಾರೆ. ಅರ್ಥವಾಗದಿದ್ದರೆ ಊಹಿಸದೆ, ಈ ಪ್ರಶ್ನೆ ದುಭಾಷಿಯದು ಎಂದು ಇಬ್ಬರಿಗೂ ತಿಳಿಸಿ ಕೇಳುತ್ತಾರೆ. ಕೇಳಿದ್ದನ್ನು ಹೊರಗೆ ಆಡುವುದಿಲ್ಲ. ಅಮೆರಿಕದ ಮಕ್ಕಳ ವೈದ್ಯಕೀಯ ಪತ್ರಿಕೆಯೊಂದರಲ್ಲಿ 2003ರಲ್ಲಿ ಪ್ರಕಟವಾದ ಅಧ್ಯಯನ ದುಭಾಷಿಯ ಮೂಲಕ ನಡೆದ 13 ವೈದ್ಯ-ರೋಗಿ ಭೇಟಿಗಳ ಧ್ವನಿಮುದ್ರಣ ಪರಿಶೀಲಿಸಿ, ಪ್ರತಿ ಭೇಟಿಯಲ್ಲಿ ಸರಾಸರಿ 31 ತಪ್ಪುಗಳನ್ನು ಕಂಡಿತು. ಆಸ್ಪತ್ರೆಯ ದುಭಾಷಿಗಳೂ ತಪ್ಪಿದ್ದರು. ಆದರೆ ಚಿಕಿತ್ಸೆಗೆ ಧಕ್ಕೆ ತರಬಲ್ಲ ತಪ್ಪುಗಳ ಪಾಲು ಆ ಹೊತ್ತಿಗೆ ಸಿಕ್ಕವರಲ್ಲಿಯೇ ಹೆಚ್ಚು.

ಐರೋಪ್ಯ ಒಕ್ಕೂಟ 2010ರಲ್ಲಿ ಕ್ರಿಮಿನಲ್ ವಿಚಾರಣೆಗಳಲ್ಲಿ ದುಭಾಷಿಯ ಹಕ್ಕನ್ನು ನಿರ್ದೇಶನದ ಮೂಲಕ ವಿಧಿಸಿತು. ಆದರೆ ಬರಹದಲ್ಲಿರುವ ಹಕ್ಕನ್ನು ಹಣಕಾಸಿನ ಲೆಕ್ಕ ಸವೆಸಬಲ್ಲದು: ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2012ರಲ್ಲಿ ವೆಚ್ಚ ತಗ್ಗಿಸಲು ನ್ಯಾಯಾಲಯದ ದುಭಾಷಿ ಸೇವೆಯನ್ನು ಖಾಸಗಿ ಗುತ್ತಿಗೆಗೆ ಕೊಟ್ಟಾಗ, ಇಳಿದ ಸಂಭಾವನೆಯನ್ನು ಒಪ್ಪದ ಅನುಭವಿಗಳು ಹೊರಗುಳಿದರು, ವಿಚಾರಣೆಗಳು ಮುಂದೂಡಲ್ಪಟ್ಟವು. ಅಮೆರಿಕದಲ್ಲಿ ಸರ್ಕಾರಿ ಸೇವೆಗಳು ಇಂಗ್ಲಿಷ್ ಬಾರದವರಿಗೂ ತಲುಪಬೇಕೆಂದು 2000ದಲ್ಲಿ ಹೊರಟ ಅಧ್ಯಕ್ಷೀಯ ಆದೇಶ 2025ರ ಮಾರ್ಚ್‌ನಲ್ಲಿ ರದ್ದಾಯಿತು. ಅದಕ್ಕೆ ಆಧಾರವಾಗಿದ್ದ 1964ರ ನಾಗರಿಕ ಹಕ್ಕುಗಳ ಕಾಯ್ದೆ ಉಳಿದಿದೆಯಾದರೂ, ಯಾವ ಸೇವೆಯನ್ನು ಮುಂದುವರಿಸಬೇಕೆಂಬ ತೀರ್ಮಾನ ಈಗ ಬಹುಮಟ್ಟಿಗೆ ಆಯಾ ಇಲಾಖೆಯ ಮುಖ್ಯಸ್ಥರ ಕೈಯಲ್ಲಿದೆ.