ಸ್ಪೀಕರ್ ಅಡಿಗೆ ಸ್ಪೈಕ್, ಟರ್ನ್‌ಟೇಬಲ್ ಅಡಿಗೆ ರಬ್ಬರ್: ಧ್ವನಿ ನಿಜವಾಗಿ ಬದಲಾಗುತ್ತದೆಯೇ?

ಓದುಗರ ಪ್ರಶ್ನೆ: ನಮ್ಮ ಹಾಲ್‌ನಲ್ಲಿ ಪ್ಲೈವುಡ್ ಶೋಕೇಸಿನ ಮೇಲೆ ಎರಡು ಸ್ಪೀಕರ್, ಅವುಗಳ ನಡುವೆ ಟರ್ನ್‌ಟೇಬಲ್, ಕೆಳಗಿನ ಖಾನೆಯಲ್ಲಿ ಆಂಪ್ಲಿಫೈಯರ್ ಇವೆ. ಇವುಗಳ ಅಡಿಗೆ ಸ್ಪೈಕ್ (ಚೂಪು ಮೊನೆಯ ಲೋಹದ ಪಾದ) ಅಥವಾ ರಬ್ಬರ್ ಪಾದಗಳನ್ನು ಹಾಕಿದರೆ ಧ್ವನಿ ಸುಧಾರಿಸುತ್ತದೆಯೇ? ಹಣ ಖರ್ಚು ಮಾಡುವುದಾದರೆ ಮೊದಲು ಯಾವುದಕ್ಕೆ ಮಾಡಬೇಕು?

ಉತ್ತರ: ಮೊದಲು ಟರ್ನ್‌ಟೇಬಲ್‌ಗೆ, ಅನಂತರ ಸ್ಪೀಕರ್‌ಗಳಿಗೆ, ಆಂಪ್ಲಿಫೈಯರ್‌ಗೆ ಬಹುಮಟ್ಟಿಗೆ ಬೇಕಾಗಿಲ್ಲ. ಯಾವ ಪಾದ ಒಳ್ಳೆಯದು ಎಂದು ಕೇಳುವುದಕ್ಕೆ ಮುಂಚೆ, ಕಂಪನ ಎಲ್ಲಿ ಹುಟ್ಟುತ್ತಿದೆ, ಯಾವ ದಾರಿಯಲ್ಲಿ ಹೋಗುತ್ತಿದೆ, ಹೋಗಿ ಮುಟ್ಟಿದಲ್ಲಿ ಏನು ಮಾಡುತ್ತಿದೆ ಎಂಬುದನ್ನು ನೋಡಬೇಕು. ಅದನ್ನು ಬಿಟ್ಟು ಪಾದಗಳನ್ನು ಕೊಂಡರೆ ಖರ್ಚಿಗೆ ತಕ್ಕ ಫಲ ಸಿಗುವುದು ಅದೃಷ್ಟವಷ್ಟೇ.

ಟರ್ನ್‌ಟೇಬಲ್‌ನ ಮುಳ್ಳನ್ನು ಹಿಡಿದಿರುವ ಕಾರ್ಟ್ರಿಜ್‌ಗೆ ಇರುವ ಕೆಲಸ ಒಂದೇ, ಅಲುಗಾಟವನ್ನು ವಿದ್ಯುತ್ತಾಗಿ ಬದಲಿಸುವುದು. ಆ ಅಲುಗಾಟ ರೆಕಾರ್ಡಿನ ಗೀರಿನಿಂದ ಬಂದದ್ದೋ ಶೋಕೇಸಿನ ಹಲಗೆಯಿಂದ ಬಂದದ್ದೋ ಅದಕ್ಕೆ ತಿಳಿಯುವುದಿಲ್ಲ. ಸಾಮಾನ್ಯ ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್ ಕೊಡುವುದು ಸುಮಾರು 5 ಮಿಲಿವೋಲ್ಟ್ ಮಾತ್ರ. ಅದನ್ನು ಫೋನೋ ವಿಭಾಗವು ಸುಮಾರು 40 ಡೆಸಿಬೆಲ್, ಅಂದರೆ 100 ಪಟ್ಟು ಹಿಗ್ಗಿಸುತ್ತದೆ. ರೆಕಾರ್ಡ್ ಕೊರೆಯುವಾಗ ತಗ್ಗಿಸಿದ ಮಂದ್ರ ಸ್ವರಗಳನ್ನು ಮತ್ತೆ ಎತ್ತಬೇಕಾದ್ದರಿಂದ 20 ಹರ್ಟ್ಸ್‌ನ ಆಸುಪಾಸಿನಲ್ಲಿ ಇನ್ನೂ ಹೆಚ್ಚುಕಡಿಮೆ ಹತ್ತು ಪಟ್ಟು ಸೇರುತ್ತದೆ. ಹೀಗೆ ಹಲಗೆಯ ಸಣ್ಣ ನಡುಕವೂ ಸಾವಿರ ಪಟ್ಟು ದೊಡ್ಡದಾಗಿ, ಸ್ಪೀಕರಿಗೆ ಹೋಗಿ, ಅದೇ ಹಲಗೆಯನ್ನು ಮತ್ತೆ ನಡುಗಿಸುತ್ತದೆ. ವಾಲ್ಯೂಮ್ ಹೆಚ್ಚಿಸಿದಾಗ ಈ ಸುತ್ತು ತಾನಾಗಿ ಬೆಳೆದು ಊಳಿಡುವುದುಂಟು. ಊಳಿಡುವ ಹಂತಕ್ಕೆ ಹೋಗದಿದ್ದರೂ ಮೃದಂಗದ ಎಡಭಾಗದ ನಾದ ಕಲಸಿಹೋಗಿ, ಪೆಟ್ಟಿಗೂ ಪೆಟ್ಟಿಗೂ ನಡುವಿನ ಬಿಡುವು ತುಂಬಿಕೊಂಡಂತೆ ಕೇಳಿಸುತ್ತದೆ. ನಿಮ್ಮ ಶೋಕೇಸ್ ಈ ತೊಂದರೆಗೆ ಹೇಳಿ ಮಾಡಿಸಿದ ಜಾಗ. ತಂಬೂರಿಯಲ್ಲಿ ತಂತಿಯ ಸಣ್ಣ ನಾದವನ್ನು ಬುರುಡೆ ದೊಡ್ಡದು ಮಾಡುವಂತೆ, ಟೊಳ್ಳಾದ ಪ್ಲೈವುಡ್ ಪೆಟ್ಟಿಗೆಯು ಸ್ಪೀಕರಿನ ಕಂಪನವನ್ನು ಎತ್ತಿ ಹರಡುತ್ತದೆ.

ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಮೋಟಾರ್ ನಿಲ್ಲಿಸಿ, ತಿರುಗದ ರೆಕಾರ್ಡಿನ ಮೇಲೆ ಮುಳ್ಳನ್ನು ಇಳಿಸಿ, ವಾಲ್ಯೂಮನ್ನು ನೀವು ದಿನವೂ ಕೇಳುವ ಮಟ್ಟಕ್ಕಿಂತ ಹೆಚ್ಚಿಸದೆ, ಶೋಕೇಸಿನ ಹಲಗೆಯನ್ನು ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿರಿ. ಸ್ಪೀಕರಿನಲ್ಲಿ "ಧಬ್" ಎಂಬ ಸದ್ದು ಸ್ಪಷ್ಟವಾಗಿ ಕೇಳಿಸಿ, ತಕ್ಷಣ ನಿಲ್ಲದೆ ಎಳೆದುಕೊಂಡು ಹೋದರೆ ನಿಮ್ಮ ಟರ್ನ್‌ಟೇಬಲ್‌ಗೆ ಒಳ್ಳೆಯ ಆಧಾರದ ಅಗತ್ಯವಿದೆ. ಪಾದ ಬದಲಿಸಿದ ಮೇಲೆ ಅದೇ ಜಾಗವನ್ನು ಅಷ್ಟೇ ಬಲದಿಂದ ತಟ್ಟಿ ನೋಡಿರಿ. ಸಂಗೀತ ಹಾಕಿ ಹೋಲಿಸುವುದಕ್ಕಿಂತ ಇದು ಹೆಚ್ಚು ನಂಬಬಹುದಾದ ಪರೀಕ್ಷೆ ಎಂಬುದು ನನ್ನ ಅಭಿಪ್ರಾಯ.

ಮೆತ್ತನೆಯ ಪಾದ, ಅದರ ಮೇಲಿನ ಭಾರ, ಇವೆರಡೂ ಸೇರಿದರೆ ಒಂದು ಸ್ಪ್ರಿಂಗ್ ವ್ಯವಸ್ಥೆಯಾಗುತ್ತದೆ. ಅದಕ್ಕೆ ತನ್ನದೇ ಆದ ಸ್ವಾಭಾವಿಕ ಕಂಪನಾಂಕ ಇರುತ್ತದೆ. ಆ ಕಂಪನಾಂಕದ ಸುಮಾರು 1.4 ಪಟ್ಟಿಗಿಂತ ಮೇಲಿನ ಕಂಪನಗಳನ್ನು ಮಾತ್ರ ಪಾದ ತಡೆಯುತ್ತದೆ. ಅದಕ್ಕಿಂತ ಕೆಳಗೆ ಏನನ್ನೂ ತಡೆಯುವುದಿಲ್ಲ, ಸ್ವಾಭಾವಿಕ ಕಂಪನಾಂಕದ ಹತ್ತಿರವಂತೂ ಕಂಪನವನ್ನು ಹೆಚ್ಚಿಸಿಯೇ ಕಳುಹಿಸುತ್ತದೆ. ಭಾರ ಹೇರಿದಾಗ ಸ್ಪ್ರಿಂಗ್ 1 ಮಿ.ಮೀ. ಕುಸಿದರೆ ಈ ಕಂಪನಾಂಕ ಸುಮಾರು 16 ಹರ್ಟ್ಸ್, 4 ಮಿ.ಮೀ. ಕುಸಿದರೆ 8, 10 ಮಿ.ಮೀ. ಕುಸಿದರೆ 5, ರಬ್ಬರಿನಲ್ಲಿ ಇದಕ್ಕಿಂತ ತುಸು ಹೆಚ್ಚು. ಟೋನ್‌ಆರ್ಮ್ (ಕಾರ್ಟ್ರಿಜ್ ಹೊತ್ತ ತೋಳು) ಮತ್ತು ಕಾರ್ಟ್ರಿಜ್ ಜೋಡಿಯ ಸ್ವಂತ ಕಂಪನಾಂಕ ಸಾಮಾನ್ಯವಾಗಿ 8ರಿಂದ 12 ಹರ್ಟ್ಸ್ ಇರುವುದರಿಂದ, ಆಧಾರದ ಕಂಪನಾಂಕ ಅದಕ್ಕಿಂತ ಸಾಕಷ್ಟು ಕೆಳಗೆ, 3ರಿಂದ 5ರ ನಡುವೆ ಇದ್ದರೆ ಒಳ್ಳೆಯದು. ಅಮೆರಿಕದ ಎಡ್ಗರ್ ವಿಲ್ಚರ್ 1961ರಲ್ಲಿ ಅಕೌಸ್ಟಿಕ್ ರಿಸರ್ಚ್ ಕಂಪನಿಗಾಗಿ ರೂಪಿಸಿದ ಟರ್ನ್‌ಟೇಬಲ್‌ನಲ್ಲಿ ತಟ್ಟೆ ಮತ್ತು ಟೋನ್‌ಆರ್ಮನ್ನು ಒಂದೇ ಗಟ್ಟಿ ಚೌಕಟ್ಟಿಗೆ ಬಿಗಿದು, ಆ ಚೌಕಟ್ಟನ್ನು ಮೂರು ಮೆತ್ತನೆಯ ಸ್ಪ್ರಿಂಗ್‌ಗಳಿಂದ ತೂಗಿಬಿಟ್ಟದ್ದರ ಹಿಂದೆ ಇದ್ದದ್ದು ಇದೇ ಲೆಕ್ಕ.

ಆದ್ದರಿಂದ ಪಾದದ ಗುಣವನ್ನು ಭಾರದಿಂದ ಬೇರ್ಪಡಿಸಿ ಹೇಳಲಾಗುವುದಿಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ವಾಷಿಂಗ್ ಮೆಷಿನ್ ಪ್ಯಾಡ್, ಎ.ಸಿ. ಯಂತ್ರದ ರಬ್ಬರ್ ಬುಡ್ಡೆಗಳು ಹತ್ತಾರು ಕಿಲೋ ಭಾರಕ್ಕೆಂದೇ ತಯಾರಾದವು. 5 ಕಿಲೋದ ಟರ್ನ್‌ಟೇಬಲ್ ಅವುಗಳ ಮೇಲೆ ಕುಳಿತರೆ ಅವು ಕುಸಿಯುವುದೇ ಇಲ್ಲ, ಕಲ್ಲಿನಂತೆ ಕಂಪನವನ್ನು ದಾಟಿಸುತ್ತವೆ. ಕಂಪನ ಹೀರಲೆಂದೇ ತಯಾರಿಸುವ ಸಾರ್ಬೋಥೇನ್‌ನಂಥ ದುಬಾರಿ ಮೆತ್ತನೆಯ ವಸ್ತುವಿಗೂ ಇದೇ ಮಾತು ಅನ್ವಯಿಸುತ್ತದೆ. ಕಡಿಮೆ ಖರ್ಚಿನ ಉಪಾಯವೆಂದರೆ ಭಾರವನ್ನೇ ಹೆಚ್ಚಿಸುವುದು. 45 × 35 ಸೆಂ.ಮೀ. ಅಳತೆಯ, 2 ಸೆಂ.ಮೀ. ದಪ್ಪದ ಗ್ರಾನೈಟ್ ಚಪ್ಪಡಿ ಸುಮಾರು ಎಂಟೂವರೆ ಕಿಲೋ ತೂಗುತ್ತದೆ; ಕಲ್ಲಿನ ಅಂಗಡಿಯಲ್ಲಿ ಅಡುಗೆ ಕಟ್ಟೆಗೆ ಕತ್ತರಿಸಿ ಉಳಿದ ತುಂಡಾದರೂ ಸಾಕು. ಅದರ ಅಡಿಗೆ ಅರ್ಧ ಗಾಳಿ ತುಂಬಿದ ಸಣ್ಣ ಸೈಕಲ್ ಟ್ಯೂಬ್ ಅಥವಾ ನಾಲ್ಕು ಸ್ಕ್ವಾಶ್ ಚೆಂಡುಗಳನ್ನು ಇಟ್ಟು, ಮೇಲೆ ಟರ್ನ್‌ಟೇಬಲನ್ನು ಕೂರಿಸಿ, ರಸಮಟ್ಟದಿಂದ ಸಮತಲ ನೋಡಿಕೊಳ್ಳಿರಿ. ಚಪ್ಪಡಿಯನ್ನು ಬರಿದೇ ಹಲಗೆಯ ಮೇಲಿಟ್ಟರೆ ಪ್ರಯೋಜನ ಕಡಿಮೆ, ಏಕೆಂದರೆ ಕಲ್ಲು ತಾನೇ ಕಂಪನವನ್ನು ಹೀರಿಕೊಳ್ಳುವುದಿಲ್ಲ.

ಎರಡು ಸಂದರ್ಭಗಳಲ್ಲಿ ಪಾದಗಳು ಕೈಕೊಡುತ್ತವೆ. ಗಾಳಿಯ ಮೂಲಕ ಬಂದು ತಟ್ಟೆಯನ್ನೂ ಮುಚ್ಚಳವನ್ನೂ ನೇರವಾಗಿ ಅಲುಗಿಸುವ ಸದ್ದನ್ನು ಯಾವ ಪಾದವೂ ತಡೆಯಲಾರದು. ಮಂದ್ರ ಸ್ವರ ಜಮಾಯಿಸುವ ಮೂಲೆಯಿಂದ ಟರ್ನ್‌ಟೇಬಲನ್ನು ದೂರ ಇಡುವುದೇ ಅದಕ್ಕೆ ಪರಿಹಾರ. ಇನ್ನೊಂದು ಹಲಗೆಯ ನೆಲ. ಮಲೆನಾಡಿನ ಹಳೆಯ ಮನೆಗಳ ಮರದ ಮಹಡಿಯಲ್ಲಿ, ಇಂಗ್ಲೆಂಡ್ ಅಥವಾ ಅಮೆರಿಕದಲ್ಲಿರುವ ಕನ್ನಡಿಗರ ಮರದ ಕಟ್ಟಡಗಳಲ್ಲಿ, ನಡಿಗೆಯೇ ಸೆಕೆಂಡಿಗೆ ಸುಮಾರು ಎರಡು ಬಾರಿ ನೆಲವನ್ನು ತೂಗುತ್ತದೆ. ಮೆತ್ತನೆಯ ಸ್ಪ್ರಿಂಗ್ ಅದನ್ನು ಇನ್ನಷ್ಟು ಹೆಚ್ಚಿಸಿ ಮುಳ್ಳನ್ನು ಹಾರಿಸಬಹುದು. ಅಲ್ಲಿ ಭಾರ ಹೊರುವ ಗೋಡೆಗೆ ಬಡಿದ ಶೆಲ್ಫ್ ಎಲ್ಲ ಪಾದಗಳಿಗಿಂತ ಮೇಲು.

ಸ್ಪೀಕರ್‌ಗಳ ವಿಷಯದಲ್ಲಿ ನಮ್ಮಲ್ಲಿ ಓದಿಗೆ ಸಿಗುವ ಸಲಹೆಯ ಬಹುಪಾಲು ಅಂಥ ಮರದ ನೆಲ ಮತ್ತು ದಪ್ಪ ಕಾರ್ಪೆಟ್ಟಿನ ಮನೆಗಳಿಗೆ ಬರೆದದ್ದು. ಸ್ಪೈಕ್ ಹುಟ್ಟಿದ್ದು ಕಾರ್ಪೆಟ್ಟನ್ನು ತೂರಿ ಗಟ್ಟಿ ನೆಲ ಮುಟ್ಟಿ, ಸ್ಪೀಕರ್ ತೂಗಾಡದಂತೆ ನಿಲ್ಲಿಸುವುದಕ್ಕೆ. ಅದು ಕಂಪನವನ್ನು ಒಂದೇ ದಿಕ್ಕಿನಲ್ಲಿ ನೆಲಕ್ಕೆ ಇಳಿಸಿಬಿಡುತ್ತದೆ ಎಂಬ ಪ್ರಚಾರಕ್ಕೆ ಆಧಾರವಿಲ್ಲ; ಗಟ್ಟಿ ಕೊಂಡಿಯಲ್ಲಿ ಕಂಪನ ಎರಡೂ ದಿಕ್ಕಿಗೆ ಸಾಗುತ್ತದೆ. ಕಾಂಕ್ರೀಟ್ ನೆಲಕ್ಕೆ ವಿಟ್ರಿಫೈಡ್ ಟೈಲ್ಸ್ ಹಾಸಿದ ನಮ್ಮ ಮನೆಗಳಲ್ಲಿ ಸ್ಪೈಕಿಗೂ ಗಟ್ಟಿ ರಬ್ಬರಿಗೂ ಕೇಳಿಸುವಷ್ಟು ವ್ಯತ್ಯಾಸ ಸಾಮಾನ್ಯವಾಗಿ ಬರುವುದಿಲ್ಲ, ಟೈಲ್ಸ್ ಮೇಲೆ ಗೀರು ಮಾತ್ರ ಬೀಳುತ್ತದೆ. ರೆಡ್ ಆಕ್ಸೈಡ್ ನೆಲವಾದರೆ ಗುಳಿಯೇ ಬೀಳುತ್ತದೆ. ಮೆತ್ತನೆಯ ಪಾದ ಹಾಕಿದರೆ ಪೆಟ್ಟಿಗೆ ಹಿಂದಕ್ಕೆ ಒದೆದು ಸ್ವರದ ಮೊನೆ ಮೊಂಡಾಗುತ್ತದೆ ಎಂಬ ಹೆದರಿಕೆಗೂ ಲೆಕ್ಕವೇ ಉತ್ತರ: ಸ್ಪೀಕರಿನಲ್ಲಿ ಸದ್ದು ಹುಟ್ಟಿಸುವ 20 ಗ್ರಾಂ ತೂಕದ ಕೋನ್ 5 ಮಿ.ಮೀ. ಚಲಿಸಿದಾಗ 10 ಕಿಲೋದ ಪೆಟ್ಟಿಗೆ ಚಲಿಸುವುದು ಒಂದು ಮಿಲಿಮೀಟರಿನ ನೂರನೆಯ ಒಂದು ಭಾಗ.

ನಿಮ್ಮ ಸ್ಥಿತಿ ಬೇರೆ. ಸ್ಪೀಕರ್ ಟೊಳ್ಳು ಹಲಗೆಯ ಮೇಲಿರುವುದರಿಂದ ಮೆತ್ತನೆಯ ಪ್ಯಾಡ್ ಹಾಕಿದರೆ ಹಲಗೆಯ ಗುಂಯ್ ಎನ್ನುವ ಸದ್ದು ತಗ್ಗಿ, ಹಾಡುಗಾರರ ಕೆಳಸ್ಥಾಯಿ ಬಿಡಿಯಾಗಿ ಕೇಳಿಸುತ್ತದೆ. ಆದರೂ ಅವನ್ನು ಶೋಕೇಸಿನಿಂದ ಇಳಿಸಿ, ಟ್ವೀಟರ್ (ತಾರ ಸ್ವರಗಳ ಸಣ್ಣ ಘಟಕ) ಕಿವಿಯ ಮಟ್ಟಕ್ಕೆ ಬರುವ ಸ್ಟ್ಯಾಂಡ್‌ಗಳ ಮೇಲೆ, ಗೋಡೆಯಿಂದ ತುಸು ಮುಂದೆ ಇಡಿ ಎಂದೇ ನಾನು ಒತ್ತಿ ಹೇಳುತ್ತೇನೆ. ಟರ್ನ್‌ಟೇಬಲ್‌ಗೆ ಹೋಗುವ ಕಂಪನದ ದಾರಿಯೂ ಅದರಿಂದ ಕಡಿದುಹೋಗುತ್ತದೆ.

ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ಮತ್ತು ಸಿ.ಡಿ. ಪ್ಲೇಯರ್‌ಗಳಿಗೆ ಕಂಪನಿ ಕೊಟ್ಟ ಪಾದಗಳೇ ಸಾಕು. ವಾಲ್ವ್ ಆಂಪ್ಲಿಫೈಯರ್ ಇದ್ದರೆ ಮಾತ್ರ ವಾಲ್ವನ್ನು ಪೆನ್ಸಿಲ್ಲಿನಿಂದ ಹಗುರಾಗಿ ತಟ್ಟಿ ನೋಡಬೇಕು. ಠಣ್ ಎಂದು ಸ್ಪೀಕರಿನಲ್ಲಿ ಮೊಳಗಿದರೆ ಪ್ಯಾಡ್ ನೆರವಾಗುತ್ತದೆ. ಟ್ರಾನ್ಸ್‌ಫಾರ್ಮರಿನ 100 ಹರ್ಟ್ಸ್ ಗುಂಯ್‌ಗುಡುವಿಕೆ ಖಾನೆಯ ಹಲಗೆಗೆ ಇಳಿಯದಂತೆಯೂ ಅದು ತಡೆಯುತ್ತದೆ.

ಹೋಲಿಸುವಾಗ ಒಂದು ಎಚ್ಚರಿಕೆ ಬೇಕು. ಪ್ಯಾಡ್ ಇಟ್ಟಾಗ ಸ್ಪೀಕರಿನ ಎತ್ತರ, ಕೆಲವು ಫೋಮ್ ಪ್ಯಾಡ್‌ಗಳಲ್ಲಿ ಓರೆಯೂ ಬದಲಾಗುತ್ತದೆ. ವೂಫರ್ (ಮಂದ್ರ ಸ್ವರಗಳ ದೊಡ್ಡ ಘಟಕ) ಮತ್ತು ಟ್ವೀಟರ್‌ಗಳ ಸದ್ದು ಕಿವಿಯಲ್ಲಿ ಕೂಡುವ ರೀತಿ ಅದರಿಂದಲೇ ಬದಲಾಗಿ, ಆ ಕೀರ್ತಿ ಪ್ಯಾಡಿಗೆ ಸಲ್ಲುತ್ತದೆ. 1994ರಲ್ಲಿ ಧ್ವನಿ ಸಂಶೋಧಕರಾದ ಫ್ಲಾಯ್ಡ್ ಟೂಲ್ ಮತ್ತು ಶಾನ್ ಓಲಿವ್ ಪ್ರಕಟಿಸಿದ ಪ್ರಯೋಗದಲ್ಲಿ, ಸ್ಪೀಕರ್‌ಗಳನ್ನು ಕಣ್ಣಾರೆ ಕಂಡು ಕೇಳಿದಾಗ ಕೊಟ್ಟ ಅಂಕಗಳಿಗೂ ತೆರೆಯ ಹಿಂದಿಟ್ಟು ಕೇಳಿದಾಗ ಕೊಟ್ಟ ಅಂಕಗಳಿಗೂ ಗಣನೀಯ ಅಂತರವಿತ್ತು. ಆದ್ದರಿಂದ ಎತ್ತರ, ಓರೆ, ವಾಲ್ಯೂಮ್ ಮೂರನ್ನೂ ಮೊದಲಿದ್ದಂತೆಯೇ ಇಟ್ಟು, ಯಾವ ಪಾದ ಹಾಕಿದೆ ಎಂಬುದನ್ನು ನಿಮಗೆ ಹೇಳದೆ ಮನೆಯವರೊಬ್ಬರು ಬದಲಿಸಿ ಕೊಡುವಂತೆ ಏರ್ಪಾಡು ಮಾಡಿಕೊಳ್ಳಿರಿ.