ಆರ್ಗನ್ ಕೆಟ್ಟಿಲ್ಲ, ಹಾಲ್ ಬಿಸಿಯಾಗಿದೆ

ಪೈಪ್ ಆರ್ಗನ್‌ಗೆ, ಅಂದರೆ ಕೀ ಒತ್ತಿದರೆ ಸಾಲುಸಾಲು ಪೈಪುಗಳಿಗೆ ಗಾಳಿ ನುಗ್ಗಿ ನುಡಿಯುವ ವಾದ್ಯಕ್ಕೆ, ಶ್ರುತಿ ಮಾಡುವುದು ನನ್ನ ಕೆಲಸ. ನನಗೆ ಬರುವ ಫೋನ್‌ಗಳಲ್ಲಿ ಹೆಚ್ಚಿನವು ಒಂದೇ ಥರ. "ಸರ್, ನಾಳೆ ಸಂಜೆ ಕಾರ್ಯಕ್ರಮ. ಆರ್ಗನ್ ಶ್ರುತಿ ತಪ್ಪಿಬಿಟ್ಟಿದೆ. ಮೊಬೈಲಲ್ಲಿ ಟ್ಯೂನರ್ ಆ್ಯಪ್ ಹಾಕಿ ನೋಡಿದೆವು, 446 ತೋರಿಸ್ತಿದೆ. ಬಂದು 440ಕ್ಕೆ ಇಳಿಸಿಕೊಡಿ." ಈ ಅಂಕಿ ಅಂದರೆ ಎ ಅನ್ನುವ ಸ್ವರ ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆ ಅನ್ನುವುದು. ಅದನ್ನೇ ಹರ್ಟ್ಜ್ ಅನ್ನುತ್ತಾರೆ. ನಾನು ಮೊದಲು ಕೇಳುವುದು ಇಷ್ಟೇ: "ಹಾಲ್ ಒಳಗೆ ಈಗ ಎಷ್ಟು ಡಿಗ್ರಿ ಇದೆ?" ಆ ಕಡೆ ಮೌನ. ಆಮೇಲೆ, "ಅದಕ್ಕೂ ಇದಕ್ಕೂ ಏನ್ ಸಂಬಂಧ ಸರ್?"

ಸಂಬಂಧ ಅದೊಂದೇ. ಎಷ್ಟು ಸಲ ಹೇಳಿದರೂ ಜನರಿಗೆ ಇದು ತಲೆಗೆ ಹೋಗುತ್ತಿಲ್ಲ. ಹಾಗಾಗಿ ಇವತ್ತು ಇದನ್ನೇ ನಿಧಾನವಾಗಿ ಬಿಡಿಸಿ ಹೇಳುತ್ತೇನೆ.

ಆರ್ಗನ್‌ನ ಪೈಪುಗಳಲ್ಲಿ ಎರಡು ಜಾತಿ. ಒಂದು ಫ್ಲೂ ಪೈಪು. ಇದು ಕೊಳಲಿನ ಜಾತಿ. ಬಾಯಿಯ ಹತ್ತಿರ ತೆಳುವಾದ ಗಾಳಿ ಬಂದು ಮೇಲ್ದುಟಿಗೆ ಬಡಿಯುತ್ತದೆ, ಒಳಗೆ ನಿಂತಿರುವ ಗಾಳಿ ಅಲುಗುತ್ತದೆ, ಸದ್ದು ಬರುತ್ತದೆ. ಇನ್ನೊಂದು ರೀಡ್ ಪೈಪು. ಇದರ ಬುಡದಲ್ಲಿ ಹಿತ್ತಾಳೆಯ ಪುಟ್ಟ ನಾಲಿಗೆ ಇರುತ್ತದೆ. ಗಾಳಿಗೆ ಅದು ಅದುರುತ್ತದೆ, ಮೇಲಿನ ಕೊಳವೆ ಆ ಸದ್ದನ್ನು ದೊಡ್ಡದು ಮಾಡಿ ಅದಕ್ಕೊಂದು ಬಣ್ಣ ಕೊಡುತ್ತದೆ. ಟ್ರಂಪೆಟ್, ಟ್ರೊಂಬೋನ್, ಓಬೋ ಅಂತ ಸ್ಟಾಪ್‌ಗಳ ಮೇಲೆ, ಅಂದರೆ ಒಂದೊಂದು ಬಗೆಯ ಪೈಪಿನ ಸಾಲನ್ನು ತೆರೆಯುವ ಹಿಡಿಗಳ ಮೇಲೆ, ಬರೆದಿರುತ್ತದಲ್ಲ, ಅವೆಲ್ಲ ರೀಡ್. ಉಳಿದ ಬಹುಪಾಲು ಫ್ಲೂ.

ಫ್ಲೂ ಪೈಪಿನಲ್ಲಿ ಸ್ವರವನ್ನು ತೀರ್ಮಾನಿಸುವುದು ಎರಡು ಸಂಗತಿ: ಒಳಗಿನ ಗಾಳಿಯ ಕಂಬ ಎಷ್ಟು ಉದ್ದ, ಆ ಗಾಳಿಯಲ್ಲಿ ಸದ್ದು ಎಷ್ಟು ವೇಗವಾಗಿ ಓಡುತ್ತದೆ. ಸೊನ್ನೆ ಡಿಗ್ರಿಯಲ್ಲಿ ಸದ್ದು ಸೆಕೆಂಡಿಗೆ 331 ಮೀಟರ್ ಓಡುತ್ತದೆ, 20 ಡಿಗ್ರಿಯಲ್ಲಿ 343 ಮೀಟರ್. ಗಾಳಿ ಬಿಸಿಯಾದಷ್ಟೂ ಓಟ ಜಾಸ್ತಿ, ಸ್ವರ ಮೇಲೆ. ಲೆಕ್ಕ ಹಾಕಿದರೆ ಒಂದೊಂದು ಡಿಗ್ರಿಗೂ ಸುಮಾರು ಶೇ. 0.17ರಷ್ಟು ಏರಿಕೆ. 440 ಹರ್ಟ್ಜ್ ಪೈಪಿಗೆ ಇದು ಡಿಗ್ರಿಗೆ ಮುಕ್ಕಾಲು ಹರ್ಟ್ಜ್. 20 ಡಿಗ್ರಿಯಲ್ಲಿ 440 ಇದ್ದ ಪೈಪು 28 ಡಿಗ್ರಿಯಲ್ಲಿ 446 ನುಡಿಯುತ್ತದೆ, 12 ಡಿಗ್ರಿಯಲ್ಲಿ 434. ನಿಮ್ಮ ಆ್ಯಪ್ ಸುಳ್ಳು ಹೇಳಿಲ್ಲ. ಹಾಲ್‌ನಲ್ಲಿ ಸೆಖೆ ಎಷ್ಟಿದೆ ಅಂತ ಹೇಳಿದೆ, ಅಷ್ಟೆ.

ಇಲ್ಲಿ ಸ್ವಲ್ಪ ಓದಿಕೊಂಡವರು ಒಂದು ತಕರಾರು ತೆಗೆಯುತ್ತಾರೆ. "ಬಿಸಿಗೆ ಲೋಹ ಹಿಗ್ಗುತ್ತಲ್ವಾ? ಪೈಪು ಉದ್ದವಾದರೆ ಸ್ವರ ಇಳಿಯಬೇಕು ತಾನೆ?" ಒಳ್ಳೆ ಪ್ರಶ್ನೆಯೇ. ಹಿಗ್ಗುತ್ತದೆ, ನಿಜ. ಎಂಟು ಅಡಿಯ ತವರ-ಸೀಸದ ಪೈಪು ಹತ್ತು ಡಿಗ್ರಿ ಏರಿದರೆ ಅರ್ಧ ಮಿಲಿಮೀಟರಿಗಿಂತ ಚೂರು ಜಾಸ್ತಿ ಬೆಳೆಯುತ್ತದೆ. ಅಷ್ಟರಿಂದ ಇಳಿಯುವ ಸ್ವರಕ್ಕೆ ಹೋಲಿಸಿದರೆ ಗಾಳಿಯ ಬಿಸಿಯಿಂದ ಏರುವ ಸ್ವರ ಅರವತ್ತು ಎಪ್ಪತ್ತು ಪಟ್ಟು. ಹಾಗಾಗಿ ಲೋಹವನ್ನು ಮರೆತುಬಿಡಿ.

ಈಗ ಮುಖ್ಯ ವಿಷಯ. ಫ್ಲೂ ಪೈಪುಗಳು ಏರುವಾಗ ಎಲ್ಲವೂ ಒಂದೇ ಪ್ರಮಾಣದಲ್ಲಿ ಏರುತ್ತವೆ. ಮೂವತ್ತೆರಡು ಅಡಿಯದ್ದೂ ಅಷ್ಟೇ, ಬೆರಳುದ್ದದ್ದೂ ಅಷ್ಟೇ. ಹಾಗಾಗಿ ಒಂದಕ್ಕೊಂದು ಹೊಂದಿಕೊಂಡೇ ಇರುತ್ತವೆ. ಹಾಲ್ ಮತ್ತೆ ತಣ್ಣಗಾದರೆ ಎಲ್ಲ ಒಟ್ಟಿಗೆ ವಾಪಸ್ ಇಳಿಯುತ್ತವೆ. ಯಾರೂ ಮುಟ್ಟಬೇಕಾಗಿಲ್ಲ. ರೀಡ್ ಮಾತ್ರ ಇವುಗಳ ಜೊತೆ ಹೋಗುವುದಿಲ್ಲ. ಅಲ್ಲಿ ಸ್ವರ ಹಿಡಿದಿಟ್ಟಿರುವುದು ಹಿತ್ತಾಳೆಯ ನಾಲಿಗೆ. ಅದಕ್ಕೆ ನಾಲ್ಕೈದು ಡಿಗ್ರಿಯ ಹೆಚ್ಚುಕಡಿಮೆ ದೊಡ್ಡ ಸಂಗತಿಯಲ್ಲ. ಫ್ಲೂ 446ಕ್ಕೆ ಹೋದಾಗ ರೀಡ್ 440ರ ಆಸುಪಾಸಿನಲ್ಲೇ ಕೂತಿರುತ್ತದೆ. ಎರಡನ್ನೂ ಒಟ್ಟಿಗೆ ನುಡಿಸಿದರೆ ಸೆಕೆಂಡಿಗೆ ಆರು ಸಲ ವುವುವುವು ಅಂತ ಅಲೆ ಏಳುತ್ತದೆ. ಇಡೀ ಆರ್ಗನ್ ತೆರೆದು ನುಡಿಸಿದಾಗ ಅದನ್ನು ಕೇಳಲಾಗುವುದಿಲ್ಲ. ನೀವು ಫೋನ್ ಮಾಡುವುದು ಈ ಗಲಾಟೆ ಕೇಳಿಯೇ.

ನಾನು ಬಂದು ಸರಿಮಾಡುವುದು ರೀಡನ್ನು. ಕದಲಿದ್ದು ಫ್ಲೂ, ತಿದ್ದುವುದು ರೀಡ್. ಇಲ್ಲೇ ಎಲ್ಲರೂ ನನ್ನ ಮೇಲೆ ಅನುಮಾನ ಪಡುವುದು. ಒಬ್ಬ ಕಾರ್ಯದರ್ಶಿಯವರು ಏಣಿಯ ಕೆಳಗೆ ನಿಂತು, "ತಪ್ಪು ಮಾಡಿದ್ದು ಅವರು, ಶಿಕ್ಷೆ ಇವರಿಗಾ?" ಅಂತ ಕೇಳಿದರು. ನಗು ಬಂತು. ಆದರೆ ಲೆಕ್ಕ ನೋಡಿ. ನಲವತ್ತು ಸ್ಟಾಪ್‌ಗಳ ಆರ್ಗನ್ ಅಂದುಕೊಳ್ಳೋಣ. ಅದರಲ್ಲಿ ರೀಡ್ ಏಳೆಂಟು ಸಾಲು ಇರಬಹುದು. ಕೀಬೋರ್ಡಿಗೆ 61 ಕೀ, ಪ್ರತಿ ಸಾಲಿನಲ್ಲಿ ಕೀಗೊಂದು ಪೈಪು ಅಂದರೆ ನಾನೂರು ಚಿಲ್ಲರೆ ಪೈಪು. ಫ್ಲೂ ಎರಡು ಸಾವಿರ ದಾಟುತ್ತದೆ. ರೀಡ್ ಪೈಪಿನ ಬುಡದಿಂದ ಒಂದು ತಂತಿ ಹೊರಗೆ ಚಾಚಿರುತ್ತದೆ. ಅದು ನಾಲಿಗೆಯನ್ನು ಒತ್ತಿ ಹಿಡಿಯುವ ಟ್ಯೂನಿಂಗ್ ವೈರ್. ಕಬ್ಬಿಣದ ಪಟ್ಟಿಯಿಂದ ಅದನ್ನು ಮೆಲ್ಲಗೆ ಕೆಳಕ್ಕೆ ತಟ್ಟಿದರೆ ಅದುರುವ ನಾಲಿಗೆ ಗಿಡ್ಡವಾಗುತ್ತದೆ, ಸ್ವರ ಏರುತ್ತದೆ. ಮೇಲಕ್ಕೆ ತಟ್ಟಿದರೆ ಇಳಿಯುತ್ತದೆ. ಅದು ಆ ಕೆಲಸಕ್ಕೆಂದೇ ಇರುವ ತಂತಿ. ಮತ್ತೆ ಮತ್ತೆ ತಟ್ಟಿಸಿಕೊಳ್ಳುತ್ತದೆ.

ಫ್ಲೂ ಹಾಗಲ್ಲ. ಹೊಸ ಪೈಪುಗಳಲ್ಲಿ ತುದಿಗೊಂದು ಜಾರುವ ಬಳೆ ಇರುತ್ತದೆ, ಪರವಾಗಿಲ್ಲ. ಹಳೆಯವಕ್ಕೆ ಅದೂ ಇರುವುದಿಲ್ಲ. ಹಿತ್ತಾಳೆಯ ಕೋನ್ ಇಟ್ಟು ತುದಿಯನ್ನು ತಟ್ಟಬೇಕು. ಚೂಪು ಕಡೆ ಒಳಗಿಟ್ಟು ತಟ್ಟಿದರೆ ತುದಿ ಅರಳುತ್ತದೆ, ಸ್ವರ ಏರುತ್ತದೆ. ತಿರುಗಿಸಿ ಟೊಳ್ಳು ಕಡೆಯಿಂದ ಮುಚ್ಚಿ ತಟ್ಟಿದರೆ ತುದಿ ಮುದುಡುತ್ತದೆ, ಇಳಿಯುತ್ತದೆ. ತವರ-ಸೀಸ ಮೆತ್ತಗಿನ ಲೋಹ. ಪ್ರತಿ ಸೆಖೆಗೂ ಮುದುಡಿಸಿ, ಪ್ರತಿ ಚಳಿಗೂ ಅರಳಿಸಿದರೆ ಏನಾಗುತ್ತದೆ? ತುದಿ ಸೀಳುತ್ತದೆ. ತಟ್ಟಿದ ಪೆಟ್ಟಿಗೆ ಪೈಪಿನ ಪಾದ ಕುಗ್ಗಿ ಗಾಳಿ ಹೋಗುವ ತೂತು ಕಿರಿದಾಗುತ್ತದೆ, ದನಿಯೇ ಸೊರಗುತ್ತದೆ. ನೂರಿನ್ನೂರು ವರ್ಷದ ಪೈಪುಗಳು ಕಾಲಕ್ಕೆ ಕೆಟ್ಟಿದ್ದಕ್ಕಿಂತ ಶ್ರುತಿ ಮಾಡುವವರ ಕೈಯಲ್ಲಿ ಕೆಟ್ಟಿದ್ದೇ ಜಾಸ್ತಿ ಅಂತ ನನ್ನ ಅನಿಸಿಕೆ. ಅದಕ್ಕೇ "440ಕ್ಕೆ ಇಳಿಸಿಕೊಡಿ" ಅಂದಾಗ ನಾನು ಆಗಲ್ಲ ಅನ್ನುವುದು. ಸೋಮಾರಿತನಕ್ಕಲ್ಲ.

440 ಅನ್ನುವ ಅಂಕಿಗೂ ಈ ಬಿಸಿಲು ಚಳಿಗೂ ಹಳೆಯ ನಂಟಿದೆ. 1859ರಲ್ಲಿ ಫ್ರಾನ್ಸ್ ಸರ್ಕಾರ ಎ ಸ್ವರಕ್ಕೆ 435 ಅಂತ ಕಾನೂನು ಮಾಡಿತು. ಅದರ ಜೊತೆ 15 ಡಿಗ್ರಿ ಅಂತಲೂ ಬರೆಯಿತು. 1896ರಲ್ಲಿ ಲಂಡನ್ನಿನವರು, ನಮ್ಮ ಸಂಗೀತ ಸಭೆಗಳು ಅದಕ್ಕಿಂತ ಬೆಚ್ಚಗಿರುತ್ತವೆ, ಅಷ್ಟು ಬಿಸಿಗೆ ಗಾಳಿವಾದ್ಯಗಳು ಎಷ್ಟಕ್ಕೆ ಏರುತ್ತವೆ ಅಂತ ಲೆಕ್ಕ ಹಾಕಿ 439 ಇಟ್ಟುಕೊಂಡರು. 1939ರಲ್ಲಿ ಲಂಡನ್ನಿನಲ್ಲೇ ಸೇರಿದ ಅಂತರರಾಷ್ಟ್ರೀಯ ಸಮ್ಮೇಳನ 440ಕ್ಕೆ ಒಪ್ಪಿತು. ಫ್ರಾನ್ಸ್ ಸರ್ಕಾರವೇ ಡಿಗ್ರಿ ಬರೆಯದೆ ಸ್ವರ ಬರೆಯಲಿಲ್ಲ. ನಮ್ಮ ಕಡತದಲ್ಲಿ ಮಾತ್ರ ಬರೀ 440 ಇರುತ್ತದೆ.

ಹಾಗಾದರೆ ಇಡೀ ಆರ್ಗನ್ ಒಂದೇ ಬಿಸಿಯಲ್ಲಿದ್ದರೆ ರೀಡ್ ಒಂದನ್ನೇ ನೋಡಿಕೊಂಡರೆ ಸಾಕಾ? ಬಹುಮಟ್ಟಿಗೆ ಸಾಕು. ಆದರೆ ದೊಡ್ಡ ಆರ್ಗನ್ ಒಂದೇ ಬಿಸಿಯಲ್ಲಿ ಇರುವುದೇ ಅಪರೂಪ. ಬಿಸಿ ಗಾಳಿ ಮೇಲಕ್ಕೆ ಹೋಗುತ್ತದೆ. ಕೆಳಗಿನ ಪೈಪುಗಳು 19 ಡಿಗ್ರಿಯಲ್ಲಿ, ಚಾವಣಿ ಹತ್ತಿರದವು 24 ಡಿಗ್ರಿಯಲ್ಲಿ ಇದ್ದರೆ ಎರಡರ ನಡುವೆ ಜಗಳ ಗ್ಯಾರಂಟಿ. ಆಗ ಫ್ಲೂ ಫ್ಲೂಗಳೇ ಹೊಂದುವುದಿಲ್ಲ. ಅಟ್ಲಾಂಟಿಕ್ ಸಿಟಿಯ ಬೋರ್ಡ್‌ವಾಕ್ ಹಾಲ್ ಆರ್ಗನ್‌ನಲ್ಲಿ 33 ಸಾವಿರಕ್ಕೂ ಹೆಚ್ಚು ಪೈಪುಗಳಿವೆ. ಫಿಲಡೆಲ್ಫಿಯಾದ ವಾನಾಮೇಕರ್ ಆರ್ಗನ್‌ನಲ್ಲಿ 28 ಸಾವಿರಕ್ಕೂ ಹೆಚ್ಚು. ಅವು ಒಂದು ಕೋಣೆಯಲ್ಲಿಲ್ಲ, ಕಟ್ಟಡದ ಬೇರೆ ಬೇರೆ ಕಡೆ, ಬೇರೆ ಬೇರೆ ಎತ್ತರದಲ್ಲಿ ಹಂಚಿಕೊಂಡಿವೆ. ಅಂಥ ಕಡೆ ಶ್ರುತಿ ಅನ್ನುವುದು ಮುಗಿಯುವ ಕೆಲಸವಲ್ಲ. ಒಂದು ಮೂಲೆ ಮುಗಿಸಿ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಮೊದಲನೆಯದು ಕರೆಯುತ್ತಿರುತ್ತದೆ.

ಸ್ವೆಲ್ ಪೆಟ್ಟಿಗೆಯದ್ದು ಇನ್ನೊಂದು ಕಥೆ. ಇದು ಶಟರ್ ಇರುವ ಮರದ ಕೋಣೆ. ಪೆಡಲ್ ಒತ್ತಿದರೆ ತೆರೆದು ದನಿ ಜೋರಾಗುತ್ತದೆ, ಬಿಟ್ಟರೆ ಮುಚ್ಚಿ ಮೆಲ್ಲಗಾಗುತ್ತದೆ. ನುಡಿಸುವವರು ಮುಗಿಸಿ ಎದ್ದುಹೋಗುವಾಗ ಶಟರ್ ಮುಚ್ಚಿಯೇ ಹೋಗುತ್ತಾರೆ. ಧೂಳು ಹೋಗಬಾರದು ಅಂತ ಕಾಳಜಿ, ಪಾಪ. ಆದರೆ ಮುಚ್ಚಿದ ಪೆಟ್ಟಿಗೆಯೊಳಗೆ ರಾತ್ರಿಯ ತಂಪು ಹಾಗೇ ಉಳಿಯುತ್ತದೆ. ಹೊರಗೆ ಹಾಲ್ ಬೆಚ್ಚಗಾಗುತ್ತದೆ. ಸಂಜೆ ಎರಡನ್ನೂ ಸೇರಿಸಿ ನುಡಿಸಿದಾಗ ಸ್ವೆಲ್ ಮಾತ್ರ ಕೆಳಗೆ ಜೋತುಬಿದ್ದಿರುತ್ತದೆ. ದಯವಿಟ್ಟು ತೆರೆದಿಟ್ಟು ಹೋಗಿ. ಇದಕ್ಕೆ ಖರ್ಚಿಲ್ಲ.

ನಾನು ಕೆಲಸ ಮಾಡುವುದನ್ನು ಹತ್ತಿರದಿಂದ ನೋಡಿದರೆ ಬಿಸಿಯ ಆಟ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಸಾಮಾನ್ಯವಾಗಿ ನಾಲ್ಕಡಿಯ ಪ್ರಿನ್ಸಿಪಲ್ ಅನ್ನುವ ಮುಖ್ಯ ಫ್ಲೂ ಸ್ಟಾಪ್‌ನಲ್ಲಿ ನಡುವಿನ ಹನ್ನೆರಡು ಸ್ವರಗಳನ್ನು ಮೊದಲು ಕೂರಿಸುತ್ತೇವೆ. ಆಮೇಲೆ ಉಳಿದ ಸಾಲುಗಳನ್ನೆಲ್ಲ ಅದಕ್ಕೆ ಹೊಂದಿಸುತ್ತಾ ಹೋಗುವುದು. ಕನ್ಸೋಲ್‌ನಲ್ಲಿ, ಅಂದರೆ ಕೀಬೋರ್ಡಿನ ಮುಂದೆ, ಒಬ್ಬರು ಕೀ ಒತ್ತಿ ಹಿಡಿದಿರುತ್ತಾರೆ, ನಾನು ಒಳಗೆ ಪೈಪುಗಳ ನಡುವೆ ಹಲಗೆಯ ಮೇಲೆ ಮಂಡಿಯೂರಿ ಕೂತಿರುತ್ತೇನೆ. ಎರಡು ಪೈಪು ಒಟ್ಟಿಗೆ ನುಡಿಯುತ್ತಿರುತ್ತವೆ. ಅಲೆ ಸೆಕೆಂಡಿಗೆ ಮೂರು, ಎರಡು, ಒಂದು, ಆಮೇಲೆ ಉದ್ದಕ್ಕೆ ಎಳೆದು ನಿಂತುಹೋಗುತ್ತದೆ. ಸರಿಯಾಯಿತು ಅಂತ ಕೈ ತೆಗೆದು ಸ್ವಲ್ಪ ಹಿಂದಕ್ಕೆ ಸರಿದರೆ ಅಲೆ ಮತ್ತೆ ಶುರು! ಯಾಕೆ? ಪುಟ್ಟ ಪೈಪು ನನ್ನ ಬೆರಳ ಬಿಸಿಗೆ ಏರಿತ್ತು, ಈಗ ತಣಿದು ಇಳಿಯಿತು. ಒಂದೆರಡು ಸೆಂಟಿಮೀಟರ್ ಉದ್ದದ ಪೈಪುಗಳಿಗೆ ಕೈ ತಾಗಿಸುವುದೇ ಇಲ್ಲ. ಉಪಕರಣದಿಂದ ತಟ್ಟಿ, ದೂರ ಸರಿದು ಕಾಯಬೇಕು. "ಒಂದು ಪೈಪಿಗೆ ಇಷ್ಟು ಹೊತ್ತಾ?" ಅಂತ ಕೆಳಗಿನಿಂದ ಕೇಳುತ್ತಾರೆ. ಕಾಯುವುದೂ ಕೆಲಸವೇ ಸ್ವಾಮಿ.

ಇನ್ನೊಂದು ತುದಿಯಲ್ಲಿ ಸಿಡ್ನಿ ಟೌನ್ ಹಾಲ್‌ನ 64 ಅಡಿಯ ರೀಡ್ ಸ್ಟಾಪ್ ಇದೆ. 1890ರದ್ದು. ಅದರ ಅತ್ಯಂತ ಕೆಳಗಿನ ಸ್ವರ ಸೆಕೆಂಡಿಗೆ ಎಂಟು ಕಂಪನ. ಅದು ಸ್ವರವಾಗಿ ಕಿವಿಗೆ ಬೀಳುವುದೇ ಇಲ್ಲ. ಅಂಥವನ್ನು ಅದರ ಮೇಲಿನ ಉಪಸ್ವರಗಳನ್ನು ಕೇಳಿಯೇ ಹೊಂದಿಸಬೇಕು.

ಈ ಕೆಲಸಕ್ಕೆ ಮೌನ ಬೇಕು. ಪ್ಯಾರಿಸ್ಸಿನ ನೋತ್ರ ದಾಮ್‌ನಲ್ಲಿ 2019ರ ಬೆಂಕಿಯ ನಂತರ ಸುಮಾರು ಎಂಟು ಸಾವಿರ ಪೈಪುಗಳ ದೊಡ್ಡ ಆರ್ಗನ್ ಬಿಚ್ಚಿ, ಸೀಸದ ಧೂಳು ತೊಳೆದು, ಮತ್ತೆ ಜೋಡಿಸಿದರು. ಹಗಲೆಲ್ಲ ಕಟ್ಟಡದ ರಿಪೇರಿ ಸದ್ದು. ಹಾಗಾಗಿ ದನಿ ತಿದ್ದುವ, ಶ್ರುತಿ ಮಾಡುವ ಕೆಲಸ ತಿಂಗಳುಗಟ್ಟಲೆ ರಾತ್ರಿ ಹೊತ್ತು ನಡೆಯಿತು. 2024ರ ಡಿಸೆಂಬರ್‌ನಲ್ಲಿ ಕಟ್ಟಡ ತೆರೆದಾಗ ಅದು ಮತ್ತೆ ನುಡಿಯಿತು. ನಮ್ಮಲ್ಲಿ ನಾನು ಶ್ರುತಿ ಮಾಡುವಾಗಲೇ ವ್ಯಾಕ್ಯೂಮ್ ಕ್ಲೀನರ್ ಓಡಿಸುತ್ತಾರೆ. ಕುರ್ಚಿ ಎಳೆಯುತ್ತಾರೆ. ಹೂವಿನ ಅಲಂಕಾರದವರ ಜಗಳ ಬೇರೆ.

ಒಂದು ಮಾತು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಅದಕ್ಕೂ ಫೋನ್ ಬರುತ್ತದೆ. ಸೆಲೆಸ್ಟ್ ಅಂತ ಬರೆದ ಸ್ಟಾಪ್ ಎಳೆದರೆ ಅಲೆಯಲೆಯಾಗಿ ಕೇಳಿಸುತ್ತದೆ. ಅದು ಹಾಗೇ ಇರಬೇಕು. ಆ ಸಾಲನ್ನು ಬೇಕೆಂದೇ ಪಕ್ಕದ ಸಾಲಿಗಿಂತ ಚೂರು ಬೇರೆ ಮಾಡಿರುತ್ತಾರೆ. "ಇದೊಂದನ್ನು ಮರೆತುಬಿಟ್ಟಿದ್ದೀರಿ" ಅಂತ ಬಿಲ್ಲಿನಲ್ಲಿ ಕಡಿತ ಮಾಡಿದ ಒಬ್ಬ ಮ್ಯಾನೇಜರ್ ಇದ್ದಾರೆ. ಈಗ ಸ್ನೇಹಿತರು.

ಸರಿ, ನೀವು ಮಾಡಬೇಕಾದ್ದು ಏನು? ಪ್ರತಿ ಕಟ್ಟಡವೂ ಬೇರೆ, ನೋಡದೆ ಖಡಾಖಂಡಿತ ಹೇಳಲಾರೆ. ಆದರೂ ಇಷ್ಟು ಹೇಳಬಹುದು. ಆರ್ಗನ್ ಒಳಗೆ ಕೆಳಗೊಂದು, ಮೇಲೊಂದು ಥರ್ಮಾಮೀಟರ್ ನೇತುಹಾಕಿ. ಗೋಡೆಯ ಮೇಲಿರುವ ಎಸಿಯ ಅಂಕಿ ನನಗೆ ಉಪಯೋಗವಿಲ್ಲ. ಕಾರ್ಯಕ್ರಮದ ಹೊತ್ತಿಗೆ ಹಾಲ್ ಎಷ್ಟು ಡಿಗ್ರಿ ಇರುತ್ತದೋ, ನಾನು ಬರುವ ದಿನವೂ ಬೆಳಗ್ಗೆಯಿಂದ ಅಷ್ಟೇ ಇರಲಿ. ಹೀಟರ್ ಆಗಲಿ ಎಸಿ ಆಗಲಿ, ಹಾಕಿ ಹತ್ತು ನಿಮಿಷಕ್ಕೆ ಗಾಳಿ ಬದಲಾಗಬಹುದು, ಮರದ ಪೆಟ್ಟಿಗೆಗಳೂ ಗೋಡೆಯೂ ಬದಲಾಗಲು ಗಂಟೆಗಟ್ಟಲೆ ಬೇಕು. ಬ್ಲೋವರ್ ಎಲ್ಲಿಂದ ಗಾಳಿ ಎಳೆಯುತ್ತದೆ ಅಂತಲೂ ಒಮ್ಮೆ ನೋಡಿ. ತಣ್ಣನೆಯ ನೆಲಮಾಳಿಗೆಯಿಂದ ಎಳೆದರೆ ಹಾಲ್ ಎಷ್ಟೇ ಬೆಚ್ಚಗಿದ್ದರೂ ಪೈಪಿನೊಳಗೆ ನುಗ್ಗುವುದು ತಂಪು ಗಾಳಿಯೇ. ಪಿಯಾನೋ ಜೊತೆಗೆ ನುಡಿಸುವ ಕಾರ್ಯಕ್ರಮವಿದ್ದರೆ ಮೊದಲೇ ತಿಳಿಸಿ. ಪಿಯಾನೋದವರಿಗೆ ಅವತ್ತಿನ ಆರ್ಗನ್ ಸ್ವರ ಕೊಟ್ಟು ಅದಕ್ಕೆ ಹೊಂದಿಸಲು ಹೇಳುತ್ತೇನೆ. ಇನ್ನೂರು ಚಿಲ್ಲರೆ ತಂತಿ ತಿರುಗಿಸುವುದು ಎರಡು ಸಾವಿರ ಪೈಪು ತಟ್ಟುವುದಕ್ಕಿಂತ ಎಷ್ಟೋ ಸುಲಭ.

ಮತ್ತೆ ಕೀ ಹಿಡಿಯಲು ಒಬ್ಬರನ್ನು ಕೊಡಿ. ಸಂಗೀತ ಗೊತ್ತಿರಬೇಕಾಗಿಲ್ಲ. "ಮುಂದಿನದು" ಅಂದಾಗ ಮುಂದಿನ ಕೀ ಒತ್ತಿದರೆ ಸಾಕು. ಫೋನ್ ನೋಡುತ್ತಾ ಕೂರುವವರು ಬೇಡ.