ಕಾಗದದಲ್ಲಿ ಅಪೊಲೊ ಕಾಕ್‌ಪಿಟ್: ಅಕ್ಷರಕ್ಕಿಂತ ನೆರಳು ಮುಖ್ಯ

ಅಪೊಲೊ ನೌಕೆಯ ಕಮಾಂಡ್ ಮಾಡ್ಯೂಲನ್ನು, ಅಂದರೆ ಚಂದ್ರಯಾನಿಗಳು ಕೂತಿದ್ದ ಕ್ಯಾಬಿನ್ನನ್ನು, ಹೊರಗಿನಿಂದ ಮಾತ್ರ ಮಾಡುವುದಾದರೆ ಅದಕ್ಕಿಂತ ಸುಲಭದ ಕಾಗದದ ಮಾದರಿ ಇನ್ನೊಂದಿಲ್ಲ. ಅದೊಂದು ಶಂಕು, ಅಷ್ಟೇ. ಬುಡದಲ್ಲಿ 3.9 ಮೀಟರ್ ಅಗಲ, ನಡುವಿನ ಅಕ್ಷದಿಂದ ಗೋಡೆ ವಾಲಿರುವುದು ಸುಮಾರು 33 ಡಿಗ್ರಿ. ಶಂಕುವನ್ನು ಒಂದು ಕಡೆ ಸೀಳಿ ಬಿಡಿಸಿ ಹಾಸಿದರೆ ವೃತ್ತದ ಒಂದು ತುಂಡು ಸಿಗುತ್ತದೆ. ಆ ತುಂಡು ಎಷ್ಟು ಡಿಗ್ರಿ ಇರಬೇಕು ಅಂದರೆ, 360ನ್ನು 33 ಡಿಗ್ರಿಯ ಸೈನ್‌ನಿಂದ ಗುಣಿಸಿ ನೋಡಿ: 196. ಅರ್ಧ ವೃತ್ತಕ್ಕಿಂತ ಒಂಚೂರು ಜಾಸ್ತಿ. ಕತ್ತರಿಸಿ, ಸುತ್ತಿ, ಅಂಟಿಸಿದರೆ ಮುಗಿಯಿತು.

ತಲೆನೋವು ಶುರುವಾಗುವುದು ಒಳಗಡೆ. ಮೂರು ಜನ ಮಲಗಿದ ಹಾಗೆ ಕೂತಿದ್ದ ಆ ಕುರ್ಚಿಗಳ ಎದುರಿಗೆ ಸುಮಾರು ಎರಡು ಮೀಟರ್ ಅಗಲದ ಪ್ಯಾನೆಲ್ ಇತ್ತು. ಕ್ಯಾಬಿನ್ನಿನಲ್ಲಿ ಒಟ್ಟು 500ಕ್ಕೂ ಹೆಚ್ಚು ಸ್ವಿಚ್‌ಗಳು, ಅದರ ಜೊತೆ ಡಯಲ್‌ಗಳು, ದೀಪಗಳು, ಸಾಲು ಸಾಲು ಸರ್ಕ್ಯೂಟ್ ಬ್ರೇಕರ್‌ಗಳು. ಇದನ್ನೆಲ್ಲ ಕಾಗದದಲ್ಲಿ ತರಬೇಕು ಅಂದಾಗ ಮೊದಲು ಎಲ್ಲರ ಮನಸ್ಸಿಗೆ ಬರುವುದು ಒಂದೇ: ಪ್ಯಾನೆಲ್ ಮೇಲಿನ ಅಕ್ಷರ ಓದುವ ಹಾಗಿರಬೇಕು!

ಹಾಗಾದರೆ ಸ್ವಲ್ಪ ಲೆಕ್ಕ ಹಾಕೋಣ. ಪ್ಯಾನೆಲ್ ಮೇಲೆ 3 ಮಿಲಿಮೀಟರ್ ಎತ್ತರದ ಒಂದು ಅಕ್ಷರ ಇದೆ ಅಂದುಕೊಳ್ಳಿ. 1:24 ಸ್ಕೇಲಿನಲ್ಲಿ ಅದು 0.125 ಮಿಲಿಮೀಟರ್ ಆಗುತ್ತದೆ. 600 ಡಿಪಿಐ (ಇಂಚಿಗೆ 600 ಚುಕ್ಕಿ) ಪ್ರಿಂಟರ್‌ನ ಒಂದು ಚುಕ್ಕಿಯ ಅಗಲ 0.042 ಮಿಲಿಮೀಟರ್, ಅಂದರೆ ಇಡೀ ಅಕ್ಷರದ ಎತ್ತರಕ್ಕೆ ಸಿಗುವುದು ಮೂರೇ ಚುಕ್ಕಿ. ಮೂರು ಚುಕ್ಕಿಯಲ್ಲಿ ರೋಮನ್ ಲಿಪಿಯ E ಅನ್ನುವ ಅಕ್ಷರವನ್ನೂ ಬರೆಯಲಾಗದು, ಅದರ ಮೂರು ಅಡ್ಡಗೆರೆ, ನಡುವಿನ ಎರಡು ಖಾಲಿ ಜಾಗಕ್ಕೇ ಐದು ಬೇಕು. ಸ್ಕೇಲನ್ನು 1:12ಕ್ಕೆ ಹಿಗ್ಗಿಸಿದರೆ ಆರು ಚುಕ್ಕಿ ಸಿಗುತ್ತವೆ, ಲೆಕ್ಕದ ಪ್ರಕಾರ ಓದಬಹುದು. ಆದರೆ ಇಂಕ್‌ಜೆಟ್ ಶಾಯಿ ಕಾಗದದ ನಾರಿನೊಳಗೆ ಹರಡುತ್ತದೆ, ಚುಕ್ಕಿ ಚುಕ್ಕಿಯಾಗಿ ಉಳಿಯುವುದಿಲ್ಲ. ಮೇಲಾಗಿ ನಮ್ಮ ಕಣ್ಣಿಗೂ ಮಿತಿ ಇದೆ. 25 ಸೆಂಟಿಮೀಟರ್ ದೂರದಿಂದ ನೋಡಿದಾಗ ಸುಮಾರು 0.07 ಮಿಲಿಮೀಟರ್‌ಗಿಂತ ಹತ್ತಿರ ಇರುವ ಎರಡು ಗೆರೆಗಳು ಒಂದರಂತೆ ಕಾಣುತ್ತವೆ. ಅಕ್ಷರಕ್ಕಾಗಿ ಜೀವ ತೇಯುವುದು ವ್ಯರ್ಥ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಸಣ್ಣ ಬಿಳಿ ಗೆರೆಗಳು ಸರಿಯಾದ ಜಾಗದಲ್ಲಿದ್ದರೆ ಅವನ್ನು ಅಕ್ಷರ ಅಂತ ಕಣ್ಣೇ ಒಪ್ಪಿಕೊಳ್ಳುತ್ತದೆ.

ಕಣ್ಣು ಒಪ್ಪದೇ ಇರುವುದು ನೆರಳಿಲ್ಲದ ಸ್ವಿಚ್ಚನ್ನು. ಎಷ್ಟೇ ಚೆನ್ನಾಗಿ ಪ್ರಿಂಟ್ ಮಾಡಿದ ಪ್ಯಾನೆಲ್ ಆದರೂ ತಲೆ ಸ್ವಲ್ಪ ಆಚೀಚೆ ಮಾಡಿದ ಕೂಡಲೇ ಅದು ಬರೀ ಚಿತ್ರ ಅಂತ ಗೊತ್ತಾಗಿಬಿಡುತ್ತದೆ. ಕಾಗದ ಗೆಲ್ಲುವುದು ಇಲ್ಲೇ, ಅದಕ್ಕೆ ದಪ್ಪ ಇದೆ. ಮಾಮೂಲಿ 80 ಜಿಎಸ್‌ಎಂ ಹಾಳೆ ಸುಮಾರು 0.1 ಮಿಲಿಮೀಟರ್ ದಪ್ಪ, 1:12 ಸ್ಕೇಲಿನಲ್ಲಿ ಅದು ಅಸಲಿ ನೌಕೆಯ 1.2 ಮಿಲಿಮೀಟರ್‌ಗೆ ಸಮ. ಕಾಲು ಮಿಲಿಮೀಟರ್ ದಪ್ಪದ ಕಾರ್ಡ್ ಆದರೆ 3 ಮಿಲಿಮೀಟರ್. ಹಾಗಾಗಿ ಡಯಲ್‌ನ ಅಂಚು ಒಂದು ಪದರ, ಅದರ ಚೌಕಟ್ಟು ಎರಡು ಪದರ, ಡಯಲ್‌ನ ಮುಖ ಪ್ಯಾನೆಲ್‌ನ ಹಿಂದಕ್ಕೆ ಒಂದು ಪದರ ಅಂತ ಹಾಳೆಗಳನ್ನೇ ಅಳತೆಗೋಲು ಮಾಡಿಕೊಂಡು ಎತ್ತರ ತಗ್ಗುಗಳನ್ನು ಕಟ್ಟುತ್ತಾ ಹೋಗಬಹುದು. ಅದಕ್ಕೇ ಒಂದೇ ಪ್ಯಾನೆಲನ್ನು ನಾಲ್ಕೈದು ಪ್ರತಿ ಪ್ರಿಂಟ್ ಹಾಕಿಕೊಳ್ಳುವುದು.

ಒಂದು ಸ್ವಿಚ್ಚನ್ನು ಹತ್ತಿರದಿಂದ ನೋಡಿ. 1:12ರಲ್ಲಿ ಅದರ ಕಡ್ಡಿ ಒಂದೂವರೆ ಮಿಲಿಮೀಟರ್ ಆಸುಪಾಸು. ಕರೆಂಟ್ ವೈರಿನೊಳಗಿನ ಕೂದಲಿನಂಥ ತಾಮ್ರದ ಎಳೆಯೊಂದನ್ನು ಕತ್ತರಿಸಿ, ತುದಿಯನ್ನು ಬಿಳಿ ಗೋಂದಿನಲ್ಲಿ ಅದ್ದಿ, ತಲೆಕೆಳಗಾಗಿ ಹಿಡಿಯಿರಿ. ಗೋಂದು ಕೆಳಕ್ಕೆ ಇಳಿದು ಹನಿಯಾಗುತ್ತದೆ, ಮೇಲ್ಮೈ ಎಳೆತ ಅದನ್ನು ಗುಂಡಗೆ ಮಾಡುತ್ತದೆ, ಒಣಗಿದ ಮೇಲೆ ಸ್ವಿಚ್ಚಿನ ದಪ್ಪ ತುದಿ ತಾನಾಗಿಯೇ ಬಂದಿರುತ್ತದೆ. ಸೂಜಿಯಿಂದ ಪ್ಯಾನೆಲ್‌ಗೆ ತೂತು ಮಾಡಿ ಸಿಕ್ಕಿಸಿ, ಹಿಂದಿನಿಂದ ಒಂದು ತೊಟ್ಟು ಗೋಂದು ಹಾಕಿದರೆ ಒಂದು ಆಯಿತು. ಇನ್ನು ನೂರಾರು ಬಾಕಿ!

ಸ್ವಿಚ್‌ಗಳ ಅಕ್ಕಪಕ್ಕ ತಂತಿಯ ಕಮಾನುಗಳೂ ಬರಬೇಕು. ಸುಮ್ನೆ ಅಲಂಕಾರಕ್ಕೆ ಅಂತ ಅವನ್ನು ಬಿಟ್ಟುಬಿಡುವವರಿದ್ದಾರೆ, ಬಿಡಬೇಡಿ. ತೂಕವಿಲ್ಲದ ಜಾಗದಲ್ಲಿ ಮನುಷ್ಯ ತೇಲುತ್ತಾ ಮೊಣಕೈ, ಮೊಣಕಾಲು ಎಲ್ಲೆಲ್ಲೋ ತಾಗಿಸುತ್ತಾನೆ, ಉಬ್ಬಿದ ಕೈಗವಸಿನ ಬೆರಳು ಒಂದು ಸ್ವಿಚ್ ಒತ್ತಲು ಹೋಗಿ ಪಕ್ಕದ್ದನ್ನೂ ಒತ್ತೀತು. ಆ ಕಮಾನುಗಳು ಇದನ್ನು ತಡೆಯಲು ಇದ್ದವು. 1969ರ ಜುಲೈನಲ್ಲಿ ಚಂದ್ರನ ಮೇಲಿಳಿದ ಅಪೊಲೊ 11ರ ಪುಟ್ಟ ನೌಕೆ ಈಗಲ್‌ನಲ್ಲಿ ಆದದ್ದೂ ಇಂಥದ್ದೇ. ಇಕ್ಕಟ್ಟಾದ ಕ್ಯಾಬಿನ್ನಿನಲ್ಲಿ ಒಂದು ಸರ್ಕ್ಯೂಟ್ ಬ್ರೇಕರ್‌ನ ತುದಿ ಮುರಿದು ಬಿದ್ದಿತ್ತು, ಬೆನ್ನಿನ ಚೀಲ ತಾಗಿ ಮುರಿದಿರಬೇಕು ಅಂತ ಹೇಳುತ್ತಾರೆ. ಮುರಿದದ್ದೂ ಎಂಥದ್ದು! ಚಂದ್ರನಿಂದ ಮೇಲೇಳುವ ಎಂಜಿನ್ನನ್ನು ಸಿದ್ಧಗೊಳಿಸುವ ಬ್ರೇಕರ್. ಬಜ್ ಆಲ್ಡ್ರಿನ್ ಒಂದು ಸ್ಕೆಚ್ ಪೆನ್ನನ್ನು ಆ ತೂತಿನೊಳಗೆ ತೂರಿಸಿ ಒತ್ತಿದರು, ಕೆಲಸ ಆಯಿತು.

ಎಲ್ಲಾ ಸ್ವಿಚ್ಚೂ ಒಂದೇ ಥರ ಇವೆಯಲ್ಲ, ಎರಡು ಆಚೆ ಈಚೆ ಆದರೆ ಏನಂತೆ ಅಂತ ಅನ್ನಿಸಬಹುದು. ಅಪೊಲೊ 12ರ ಕತೆ ನೆನಪಿಸಿಕೊಳ್ಳಿ. 1969ರ ನವೆಂಬರ್ 14ರಂದು ರಾಕೆಟ್ ಮೇಲೆದ್ದು ನಿಮಿಷ ಕಳೆಯುವ ಮುಂಚೆಯೇ ಎರಡು ಸಲ ಸಿಡಿಲು ಹೊಡೆಯಿತು. ಭೂಮಿಯ ಪರದೆಗಳಲ್ಲಿ ಬರುತ್ತಿದ್ದ ಅಂಕಿಗಳೆಲ್ಲ ಕಲಸಿಹೋದವು. ನಿಯಂತ್ರಣ ಕೇಂದ್ರದಲ್ಲಿದ್ದ ಜಾನ್ ಆರನ್‌ಗೆ ಅಂಥದ್ದೇ ಅಂಕಿಗಳನ್ನು ಹಿಂದೆ ಒಂದು ಪರೀಕ್ಷೆಯಲ್ಲಿ ನೋಡಿದ ನೆನಪಿತ್ತು. ಆ ಅಂಕಿಗಳ ಸಂಕೇತವನ್ನು ಹದಗೊಳಿಸುವ ಸಲಕರಣೆಯ ‘ಎಸ್‌ಸಿಇ’ ಅನ್ನುವ ಸ್ವಿಚ್ಚನ್ನು ‘ಆಕ್ಸ್’ಗೆ, ಅಂದರೆ ಬದಲಿ ವ್ಯವಸ್ಥೆಗೆ, ಹಾಕಿ ಅಂದರು. ಕಮಾಂಡರ್ ಪೀಟ್ ಕಾನ್ರಾಡ್‌ಗೆ ಅದೇನು ಅಂತಲೇ ತಿಳಿಯಲಿಲ್ಲ. ಬಲಗಡೆ ಕೂತಿದ್ದ ಅಲನ್ ಬೀನ್‌ಗೆ ಗೊತ್ತಿತ್ತು, ಅದು ಅವರ ಎದುರಿಗೇ ಇತ್ತು. ನೀವು ಬಲಬದಿಯ ಪ್ಯಾನೆಲ್ ಮಾಡುವಾಗ ಆ ಒಂದು ಸ್ವಿಚ್ ಮಾತ್ರ ಅದರ ಜಾಗದಲ್ಲೇ ಇರಲಿ.

ಕಂಪ್ಯೂಟರಿನ ಕೀಲಿಮಣೆ ಬೇರೆಯೇ ಸವಾಲು. ಡಿಸ್ಕಿ ಅಂತ ಕರೆಯುವ ಅದರ ಮುಖ ಸುಮಾರು 20 ಸೆಂಟಿಮೀಟರ್ ಚೌಕ, 1:12ರಲ್ಲಿ 17 ಮಿಲಿಮೀಟರ್. ಅದರ ಅರ್ಧ ಭಾಗದಲ್ಲಿ 19 ಕೀಲಿಗಳು ಏಳು ಕಂಬಸಾಲಾಗಿ ನಿಲ್ಲಬೇಕು, ಒಂದೊಂದಕ್ಕೆ ಎರಡು ಮಿಲಿಮೀಟರ್ ಚಿಲ್ಲರೆ ಜಾಗ. ಒಂದೊಂದನ್ನೇ ಕತ್ತರಿಸಲು ಹೋಗಬೇಡಿ, ಪ್ರಿಂಟ್ ಹಾಕಿದ ಪಟ್ಟಿಯನ್ನು ಮೊದಲು ಎರಡು ಪದರದ ಕಾರ್ಡಿಗೆ ಅಂಟಿಸಿ, ಆಮೇಲೆ ಕೊಯ್ಯಿರಿ. ಕೊಯ್ದ ಅಂಚಿನಲ್ಲಿ ಕಾಗದದ ಬಿಳಿ ಒಡಲು ಕಾಣುತ್ತದೆ, ಅದಕ್ಕೆ ಬೂದುಬಣ್ಣದ ಪೆನ್ಸಿಲ್ ಉಜ್ಜಲೇಬೇಕು. ಬಿಳಿ ಅಂಚು ಉಳಿದರೆ ಅಷ್ಟೂ ಕೆಲಸ ನೀರುಪಾಲು.

ನೌಕೆ ಯಾವ ಕಡೆ ವಾಲಿದೆ ಅಂತ ತೋರಿಸುವ ಗುಂಡಿನ ಎದುರು ಮಾತ್ರ ಗಣಿತವೇ ಅಡ್ಡ ನಿಲ್ಲುತ್ತದೆ. ಶಂಕುವನ್ನು ಬಿಡಿಸಿ ಹಾಸಬಹುದು, ಗೋಳವನ್ನು ಆಗುವುದಿಲ್ಲ. ಎಳೆಯದೆ, ಸುಕ್ಕಾಗದೆ ಅದು ಚಪ್ಪಟೆಯಾಗುವುದೇ ಇಲ್ಲ ಅಂತ ಗಣಿತಜ್ಞ ಗೌಸ್ 19ನೇ ಶತಮಾನದಲ್ಲೇ ಸಾಧಿಸಿ ತೋರಿಸಿದ್ದಾನೆ. ದೊಡ್ಡ ಗೋಳವಾದರೆ ಕಿತ್ತಳೆ ತೊಳೆಯ ಹಾಗಿರುವ ಪಟ್ಟಿಗಳನ್ನು ಜೋಡಿಸಬಹುದು. ಒಂದು ಸೆಂಟಿಮೀಟರಿನ ಗುಂಡಿಗೆ ಅದು ನಡೆಯುವ ಮಾತಲ್ಲ. ಆದರೆ ಗೌಸ್‌ನ ಷರತ್ತು ‘ಎಳೆಯದೆ’ ಅನ್ನುವುದು, ಅಲ್ವಾ? ಒದ್ದೆ ಕಾಗದವನ್ನು ಎಳೆಯಬಹುದು. ನಾರುಗಳನ್ನು ಬೆಸೆದಿರುವ ಹೈಡ್ರೋಜನ್ ಬಂಧಗಳನ್ನು ನೀರು ಸಡಿಲಿಸುತ್ತದೆ, ನಾರುಗಳು ಒಂದರ ಮೇಲೊಂದು ಜಾರುತ್ತವೆ. ಹಿಂಬದಿಯಿಂದ ತುಸು ಒದ್ದೆ ಮಾಡಿ, ಮೆತ್ತನೆಯ ರಬ್ಬರ್ ಮೇಲಿಟ್ಟು, ಗುಂಡು ತುದಿಯ ಕಡ್ಡಿಯಿಂದ ನಡುವಿನಿಂದ ಅಂಚಿಗೆ ಸುತ್ತುತ್ತಾ ಒತ್ತಿದರೆ ಕಾಗದ ನಿಧಾನಕ್ಕೆ ಉಬ್ಬುತ್ತದೆ, ಒಣಗಿದಾಗ ಹಾಗೇ ನಿಲ್ಲುತ್ತದೆ. ಶಾಯಿ ನೀರಿಗೆ ಕರಗುವಂಥದ್ದಾದರೆ ಮೊದಲೇ ವಾರ್ನಿಶ್ ಹೊಡೆದಿರಬೇಕು.

ಅದೇ ನೀರು ಬೇರೆ ಕಡೆ ಶತ್ರು. ಯಂತ್ರದಲ್ಲಿ ತಯಾರಾದ ಕಾಗದದ ನಾರುಗಳು ಹೆಚ್ಚಾಗಿ ಒಂದೇ ದಿಕ್ಕಿಗೆ ಮಲಗಿರುತ್ತವೆ, ತೇವ ತಾಗಿದಾಗ ಹಾಳೆ ಹಿಗ್ಗುವುದು ನಾರಿಗೆ ಅಡ್ಡವಾಗಿ. ದೊಡ್ಡ ಪ್ಯಾನೆಲನ್ನು ನೀರಿನ ಗೋಂದಿನಿಂದ ಕಾರ್ಡಿಗೆ ಅಂಟಿಸಿದರೆ ಮರುದಿನ ಅದು ಬಾಗಿ ಕೂತಿರುತ್ತದೆ. ಎರಡು ಪದರಗಳ ನಾರು ಒಂದೇ ದಿಕ್ಕಿಗಿದ್ದು, ಗೋಂದು ತೆಳ್ಳಗಿದ್ದು, ಮೇಲೆ ಭಾರ ಹೇರಿ ಒಣಗಿಸಿದರೆ ಈ ಕಾಟ ಬಹಳ ಕಮ್ಮಿ.

ಎಚ್ಚರಿಕೆಯ ದೀಪಗಳನ್ನು ನಿಜವಾಗಿ ಬೆಳಗಿಸುವ ಆಸೆಯಿದ್ದರೆ ಒಂದು ಉಪಾಯ ಇದೆ. ಕಾಗದ ಬೆಳ್ಳಗೆ ಕಾಣುವುದೇ ನಾರು ಮತ್ತು ಅದರ ನಡುವಿನ ಗಾಳಿ ಬೆಳಕನ್ನು ಚದುರಿಸುವುದರಿಂದ. ದೀಪದ ಜಾಗಕ್ಕೆ ಮಾತ್ರ ಸೂಜಿಮೊನೆಯಷ್ಟು ಎಣ್ಣೆ ತಾಗಿಸಿದರೆ ಆ ಗಾಳಿಯ ಜಾಗ ತುಂಬಿ ಬೆಳಕು ತೂರಿಬರುತ್ತದೆ. ಉಳಿದ ಹಿಂಬದಿಗೆಲ್ಲ ಕಪ್ಪು ಬಣ್ಣ, ಆಚೆಗೊಂದು ಸಣ್ಣ ಎಲ್‌ಇಡಿ.

ಕೊನೆಗೆ, ಯಾವ ದಿನದ ಕಾಕ್‌ಪಿಟ್ ಮಾಡುತ್ತೀರಿ ಅಂತ ತೀರ್ಮಾನಿಸಬೇಕು. ಅಪೊಲೊ 11ರ ಕಮಾಂಡ್ ಮಾಡ್ಯೂಲ್ ಕೊಲಂಬಿಯಾವನ್ನು ಸ್ಮಿತ್ಸೋನಿಯನ್ ಸಂಸ್ಥೆ ಒಳಹೊರಗೆಲ್ಲ ಸ್ಕ್ಯಾನ್ ಮಾಡಿ 2016ರಲ್ಲಿ ಆ ತ್ರಿಆಯಾಮ ಮಾದರಿಯನ್ನು ಎಲ್ಲರಿಗೂ ತೆರೆದಿಟ್ಟಿತು. ಅದರಲ್ಲಿ ಗೋಡೆಯ ಮೇಲಿನ ಕೈಬರಹಗಳೂ ಕಾಣುತ್ತವೆ: ಅಂಕಿಗಳು, ಕೈಯಲ್ಲೇ ಗೆರೆ ಎಳೆದ ಒಂದು ಪುಟ್ಟ ಕ್ಯಾಲೆಂಡರ್, ಹಿಂತಿರುಗಿದ ಮೇಲೆ ಅದರ ಚಾಲಕ ಮೈಕೆಲ್ ಕಾಲಿನ್ಸ್ ಕೆಳಗಿನ ಸಲಕರಣೆ ಗೋಡೆಯ ಮೇಲೆ ಬರೆದ ಮೆಚ್ಚುಗೆಯ ನಾಲ್ಕು ಸಾಲು. ಹೊರಡುವ ದಿನದ ನೌಕೆಯಾದರೆ ಇವು ಯಾವುದೂ ಇರಬಾರದು. ನನ್ನ ಆಯ್ಕೆ ಮರಳಿ ಬಂದ ನೌಕೆ, ಅದರಲ್ಲಿ ಮಾಡಲು ಕೆಲಸ ಜಾಸ್ತಿ. ಆದರೆ ಆ ಗೋಡೆ ಕುರ್ಚಿಗಳ ಕಾಲಬದಿಗೆ ಬರುತ್ತದೆ, ಎಲ್ಲ ಜೋಡಿಸಿದ ಮೇಲೆ ಮರೆಯಾಗಿಬಿಡುತ್ತದೆ. ಮಧ್ಯದ ಕುರ್ಚಿಗೆ ಗೋಂದು ಹಾಕಬೇಡಿ, ಬೇಕಾದಾಗ ಎತ್ತಿಡುವ ಹಾಗೆ ಮಾಡಿ. ಅಸಲಿ ನೌಕೆಯಲ್ಲೂ ಅದನ್ನು ಕಳಚಿ ಸರಿಸಬಹುದಿತ್ತು.